ಹೆದರಿಸಲಾರದ ಭೂತಗಳು

ಮಾಟ, ಮಂತ್ರ, ವಾಮಾಚಾರಗಳ ಕಥೆ ಹೇಳಿ ಜನರ ಎದೆ ನಡುಗಿಸಬೇಕೆಂದು ಹೊರಟ ಚಲನಚಿತ್ರ ಯಾರನ್ನೂ ಹೆದರಿಸದೆ ಹೋದರೆ ಅದರ ಗತಿಯೇನು? ಬಹುಪಾಲು ಮರೆತುಹೋಗುತ್ತವೆ. ಕೆಲವು ಮಾತ್ರ ಕೆಟ್ಟದಾಗಿ ತಯಾರಾದುವೆಂಬ ಕಾರಣಕ್ಕೇ ಉಳಿದುಕೊಂಡು, ರಸಿಕರು ಹುಡುಕಿಕೊಂಡು ಹೋಗಿ ನೋಡುವಂತಾಗುತ್ತವೆ. ಇದೆಂಥ ವಿಚಿತ್ರ ರುಚಿ ಎಂದು ನೀವು ಕೇಳಬಹುದು. ಒಂದು ಚಿತ್ರವನ್ನೇ ಹಿಡಿದು ನೋಡೋಣ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಎಲ್ ಪಾಸೊ ಊರಿನಲ್ಲಿ ಹೆರಾಲ್ಡ್ ವಾರೆನ್ ಎಂಬಾತನಿದ್ದನು. ಗೊಬ್ಬರದ ವ್ಯಾಪಾರ ಅವನ ಕಸುಬು. 1966ರಲ್ಲಿ ಸುಮಾರು 19,000 ಡಾಲರು ಕೂಡಿಸಿ, ತಾನೇ ಕಥೆ ಬರೆದು, ತಾನೇ ನಿರ್ದೇಶಿಸಿ, ತಾನೇ ನಾಯಕನಾಗಿ, ಊರಿನ ಹವ್ಯಾಸಿ ನಟರನ್ನು ಸೇರಿಸಿಕೊಂಡು ‘ಮನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಎಂಬ ಚಿತ್ರ ತೆಗೆದನು. ಸ್ಪ್ಯಾನಿಷ್ ಭಾಷೆಯಲ್ಲಿ ‘ಮನೋಸ್’ ಎಂದರೆ ಕೈಗಳು. ಅಲ್ಲಿಗೆ ಚಿತ್ರದ ಹೆಸರು ‘ಕೈಗಳು: ವಿಧಿಯ ಕೈಗಳು’ ಎಂದಾಯಿತು! ಎಡವಟ್ಟು ಹೆಸರಿನಿಂದಲೇ ಮೊದಲು.

ದಾರಿ ತಪ್ಪಿದ ಗಂಡ, ಹೆಂಡತಿ, ಪುಟ್ಟ ಮಗಳು, ಒಂಟಿ ಮನೆ, ಅದನ್ನು ಕಾಯುವ ಟಾರ್ಗೊ ಎಂಬ ಸೇವಕ, ಕರಾಳ ದೈವವೊಂದರ ಉಪಾಸಕನಾಗಿ ರಾತ್ರಿಯಲ್ಲಿ ಎದ್ದುಬರುವ ಯಜಮಾನ, ಅವನ ಹಲವು ಮಂದಿ ಹೆಂಡಿರು. ಕಥೆ ಇಷ್ಟೆ. ಕ್ಯಾಮೆರಾ ಮಾತ್ರ ಗಡಿಯಾರದಂತೆ ಚಾವಿ ಕೊಟ್ಟು ನಡೆಸುವಂಥದು. ಒಮ್ಮೆ ಚಾವಿ ಕೊಟ್ಟರೆ 32 ಸೆಕೆಂಡಿಗಿಂತ ಹೆಚ್ಚು ಓಡದು. ಅಷ್ಟರಲ್ಲಿ ಅಳುವುದಿದ್ದರೆ ಅಳಬೇಕು, ಸಾಯುವುದಿದ್ದರೆ ಸಾಯಬೇಕು. ಚಿತ್ರೀಕರಣದಲ್ಲಿ ಧ್ವನಿಯನ್ನು ಹಿಡಿಯಲೇ ಇಲ್ಲ. ಬಳಿಕ ಕೆಲವೇ ಜನ ಕುಳಿತು ಎಲ್ಲ ಪಾತ್ರಗಳ ಮಾತನ್ನೂ ಆಡಿಮುಗಿಸಿದರು. ರಾತ್ರಿಯ ದೃಶ್ಯಗಳಲ್ಲಿ ದೀಪಕ್ಕೆ ಮುತ್ತಿದ ಪತಂಗಗಳು ನಟರಿಗಿಂತ ಚುರುಕಾಗಿ ಹಾರಾಡುತ್ತವೆ.

ರಸಾಭಾಸವಾದಲ್ಲಿ ಹಾಸ್ಯ ಹುಟ್ಟುತ್ತದೆಂದು ನಮ್ಮ ಆಲಂಕಾರಿಕರು ಹೇಳಿದ್ದುಂಟು. ಇಲ್ಲಿ ನಗು ಬರುವುದು ನಿಜವೇ. ಆದರೆ ಬರಿಯ ನಗುವಾಗಿದ್ದರೆ ಒಮ್ಮೆ ನೋಡಿದವನು ಮತ್ತೆ ನೋಡುತ್ತಿರಲಿಲ್ಲ. ಟಾರ್ಗೊನನ್ನೇ ನೋಡಿ. ಅವನು ಆಡಿನ ಕಾಲಿನ ಜೀವಿಯೆಂದು ತೋರಿಸುವ ಉದ್ದೇಶದಿಂದ ಷರಾಯಿಯೊಳಗೆ ಏನೋ ಕಟ್ಟಿದ್ದರು. ಆ ಸಂಗತಿಯನ್ನು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮಗೆ ಕಾಣುವುದು ಊದಿಕೊಂಡ ಮೊಣಕಾಲು, ತಡವರಿಸುವ ನಡಿಗೆ. ಕಾರಣ ತಿಳಿಯದ ಈ ನಡಿಗೆ ಮನಸ್ಸಿಗೆ ಅಂಟಿಕೊಳ್ಳುತ್ತದೆ. ಮಾತು ತುಟಿಗೆ ಹೊಂದುವುದಿಲ್ಲ, ಒಂದು ಕ್ಷಣ ಮುಂದಿನದಕ್ಕೆ ಸೇರುವುದಿಲ್ಲ. ಜ್ವರದ ಕನಸು ಸಾಗುವುದು ಹೀಗೆಯೇ ಅಲ್ಲವೆ? ನುರಿತ ನಿರ್ದೇಶಕ ಹೊಗೆ ಹಾಕಿ, ಪಿಟೀಲು ನುಡಿಸಿ ತರಲಾಗದ ಅಪರಿಚಿತತೆಯನ್ನು ಈ ಗೊಬ್ಬರದ ವ್ಯಾಪಾರಿ ತನಗೇ ತಿಳಿಯದಂತೆ ತಂದುಬಿಟ್ಟನು. ಬೇಕೆಂದೇ ಕೆಟ್ಟದಾಗಿ ತೆಗೆಯುವವರೂ ಈಗ ಇದ್ದಾರೆ. ಅವರ ಚಿತ್ರಗಳು ನನಗೆ ರುಚಿಸುವುದಿಲ್ಲ. ಕಣ್ಣು ಮಿಟುಕಿಸುತ್ತ ಹೆದರಿಸುವ ಭೂತಕ್ಕೆ ಯಾರು ತಾನೆ ಮರುಳಾದಾರು?

1966ರ ನವೆಂಬರ್ 15ರಂದು ಊರಿನ ಕ್ಯಾಪ್ರಿ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ ನಡೆಯಿತು. ಸಭೆ ನಗತೊಡಗಿತು. ಯಜಮಾನನ ಪಾತ್ರ ವಹಿಸಿದ್ದ ಟಾಮ್ ನೇಮನ್ನನ ಪುಟ್ಟ ಮಗಳು ಜಾಕಿ, ಚಿತ್ರದಲ್ಲಿ ಆ ಮಗುವಾಗಿ ನಟಿಸಿದವಳು, ತನ್ನ ಬಾಯಿಂದ ಯಾರೋ ದೊಡ್ಡ ಹೆಂಗಸಿನ ದನಿ ಹೊರಡುವುದನ್ನು ಕೇಳಿ ಅತ್ತುಬಿಟ್ಟಳು. ಟಾರ್ಗೊನಾಗಿ ಅಭಿನಯಿಸಿದ ಜಾನ್ ರೆನಾಲ್ಡ್ಸ್ ಆ ಪ್ರದರ್ಶನವನ್ನು ನೋಡಲೇ ಇಲ್ಲ. ಹಿಂದಿನ ತಿಂಗಳೇ ತೀರಿಕೊಂಡಿದ್ದನು. ಇದನ್ನು ತಿಳಿದ ಮೇಲೆ ಅವನ ನಡಿಗೆಗೆ ನಗುವುದು ಮೊದಲಿನಷ್ಟು ಸುಲಭವಲ್ಲ. ಆದರೂ ನಗು ಬರುತ್ತದೆ.

ಮುಂದೆ ಬಹುಕಾಲ ಚಿತ್ರ ಕತ್ತಲೆಯಲ್ಲಿತ್ತು. ಕೆಟ್ಟ ಚಿತ್ರಗಳನ್ನು ಹಾಸ್ಯಮಾಡುತ್ತ ತೋರಿಸುವ ದೂರದರ್ಶನ ಕಾರ್ಯಕ್ರಮವೊಂದು 1993ರಲ್ಲಿ ಅದನ್ನು ಎತ್ತಿಕೊಂಡಾಗ ದೇಶವೆಲ್ಲ ನಕ್ಕಿತು. ವಾರೆನ್ 1985ರಲ್ಲೇ ತೀರಿಕೊಂಡಿದ್ದನು. 2011ರಲ್ಲಿ ಬೆನ್ ಸೊಲೊವೆ ಎಂಬ ಛಾಯಾಗ್ರಾಹಕನಿಗೆ ಚಿತ್ರದ ಹಳೆಯ ಪ್ರತಿಯೊಂದು ಸಿಕ್ಕಿತು. ಜನರಿಂದ ಹಣ ಕೂಡಿಸಿ, ಒಂದೊಂದೇ ಚೌಕಟ್ಟನ್ನು ಶುದ್ಧಿಮಾಡಿದರು. ಆ ಹೊಸ ಪ್ರತಿಯಲ್ಲಿ ಯಜಮಾನನ ಕಪ್ಪು ನಿಲುವಂಗಿಯ ಮೇಲಿನ ಕೆಂಪು ಬೆರಳುಗಳು ಚೆನ್ನಾಗಿ ಕಾಣುತ್ತವೆ, ಪತಂಗಗಳೂ.