ಕಳೆ ಕೀಳಲು ಕೂಲಿ: ಜೀವಕೋಶವು ಪ್ರೋಟೀನನ್ನು ಒಡೆಯುವ ಬಗೆ



ಜೀವಕೋಶದ ಪಾಠವನ್ನು ನಾವು ಸಾಮಾನ್ಯವಾಗಿ ಕಟ್ಟುವಿಕೆಯ ಪಾಠವಾಗಿಯೇ ಬೋಧಿಸುತ್ತೇವೆ. ರೈಬೋಸೋಮ್‌ಗಳಲ್ಲಿ ಪ್ರೋಟೀನು ತಯಾರಾಗುತ್ತದೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಪ್ರೋಟೀನು ಕೆಟ್ಟರೆ ಅಥವಾ ಅದರ ಕೆಲಸ ತೀರಿದರೆ ಮುಂದೇನು? ವಿಜ್ಞಾನಿಗಳಲ್ಲಿಯೂ ಹೆಚ್ಚಿನವರು ಬಹುಕಾಲ ಬದಿಗಿಟ್ಟಿದ್ದ ಈ ಪ್ರಶ್ನೆಯೇ ಇಂದಿನ ಉಪನ್ಯಾಸದ ವಿಷಯ.

1930ರ ದಶಕದ ಕೊನೆಯಲ್ಲಿ ರುಡಾಲ್ಫ್ ಶೋನ್‌ಹೈಮರ್ ಅವರು ನೈಟ್ರೋಜನ್‌ನ ಭಾರವಾದ ಐಸೋಟೋಪನ್ನು ಬಳಸಿ, ದೇಹದ ಪ್ರೋಟೀನುಗಳು ಎಡೆಬಿಡದೆ ಒಡೆಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತವೆಂದು ತೋರಿಸಿದರು. 1953ರಲ್ಲಿ ಮೆಲ್ವಿನ್ ಸಿಂಪ್ಸನ್ ಅವರು ಯಕೃತ್ತಿನ ತುಣುಕುಗಳಲ್ಲಿ ಒಂದು ಸೋಜಿಗವನ್ನು ಕಂಡರು: ಪ್ರೋಟೀನನ್ನು ಒಡೆಯಲು ಕೋಶಕ್ಕೆ ಶಕ್ತಿ ಬೇಕು. ಕರುಳಿನ ಕಿಣ್ವಗಳು ಆಹಾರದ ಪ್ರೋಟೀನನ್ನು ಒಡೆಯಲು ಎಟಿಪಿಯನ್ನು ಬೇಡುವುದಿಲ್ಲ. ಕೋಶದೊಳಗೆ ಮಾತ್ರ ಏಕೆ ಬೇಕು?

ತಾಳವಾಡಿ ಬೆಟ್ಟಸೀಮೆಯ ಮಕ್ಕಳಿಗೆ ಇದರ ಉತ್ತರವನ್ನು ರಾಗಿ ಹೊಲದಲ್ಲಿಯೇ ತೋರಿಸಬಹುದು. ಹೊಲಕ್ಕೆ ದನ ನುಗ್ಗಿದರೆ ಪೈರು, ಕಳೆ ಎರಡೂ ಕೂಲಿಯಿಲ್ಲದೆ ಹೋಗುತ್ತವೆ. ಪೈರನ್ನು ಉಳಿಸಿ ಕಳೆಯನ್ನಷ್ಟೇ ಕೀಳಬೇಕಾದರೆ ಆಳು ಬೇಕು, ಕೂಲಿ ಬೇಕು. ಕೋಶವು ಶಕ್ತಿಯನ್ನು ವೆಚ್ಚ ಮಾಡುವುದು ಮುಖ್ಯವಾಗಿ ಈ ಆಯ್ಕೆಗಾಗಿ.

ಆಯ್ಕೆ ಹೇಗೆ ನಡೆಯುತ್ತದೆಂಬುದನ್ನು ಕಂಡವರು ಇಸ್ರೇಲಿನ ಹೈಫಾ ನಗರದ ಅವ್ರಾಮ್ ಹರ್ಷ್ಕೊ, ಅವರ ವಿದ್ಯಾರ್ಥಿ ಆರನ್ ಸಿಯೆಖಾನೋವರ್ ಮತ್ತು ಅಮೆರಿಕದ ಅರ್ವಿನ್ ರೋಸ್. ಅವರು ಮೊಲದ ಬಲಿಯದ ಕೆಂಪು ರಕ್ತಕಣಗಳ ಸಾರವನ್ನು ಎರಡು ಭಾಗವಾಗಿ ಬೇರ್ಪಡಿಸಿದರು. ಯಾವುದೊಂದು ಭಾಗವೂ ತಾನಾಗಿಯೇ ಪ್ರೋಟೀನನ್ನು ಒಡೆಯಲಿಲ್ಲ; ಕೂಡಿಸಿದಾಗ ಒಡೆಯಿತು. ಮೊದಲ ಭಾಗದಲ್ಲಿ ಹಿಮೋಗ್ಲೋಬಿನ್ನೇ ತುಂಬಿತ್ತು. ಅದನ್ನು ಕಾಯಿಸಿದಾಗ ಹಿಮೋಗ್ಲೋಬಿನ್ ಒಡೆದ ಹಾಲಿನಂತೆ ಗಟ್ಟಿಯಾಗಿ ಬೇರೆಯಾಯಿತು. ಬೇಕಾದ ವಸ್ತು ಮಾತ್ರ ಕೆಡದೆ ತಿಳಿಯಲ್ಲಿ ಉಳಿಯಿತು. 1978ರಲ್ಲಿ ಪ್ರಕಟವಾದ ಈ ಪುಟ್ಟ ಪ್ರೋಟೀನೇ ಯುಬಿಕ್ವಿಟಿನ್ ಎಂದು 1980ರಲ್ಲಿ ಗೊತ್ತಾಯಿತು. ಅದರಲ್ಲಿರುವುದು 76 ಅಮೈನೋ ಆಮ್ಲಗಳು.

ಯುಬಿಕ್ವಿಟಿನ್ ತಾನೇ ಯಾವುದನ್ನೂ ಒಡೆಯದು. ಅದೊಂದು ಗುರುತುಚೀಟಿ. ಮೂರು ಬಗೆಯ ಕಿಣ್ವಗಳು ಒಂದರ ಬಳಿಕ ಒಂದು ದುಡಿದು ಈ ಚೀಟಿಯನ್ನು ಬೇಡವಾದ ಪ್ರೋಟೀನಿಗೆ ಅಂಟಿಸುತ್ತವೆ. ಅಂಟಿಸುವುದಕ್ಕೂ ಎಟಿಪಿ ಬೇಕು. ಚೀಟಿಗಳ ಸರಪಳಿಯನ್ನು ಹೊತ್ತ ಪ್ರೋಟೀನನ್ನು ಪೀಪಾಯಿಯಂತಿರುವ ಪ್ರೋಟಿಯಾಸೋಮ್ ಬಿಡಿಸಿ, ಒಳಗೆಳೆದು, ತುಂಡರಿಸುತ್ತದೆ. ಚೀಟಿಗಳು ಮರುಬಳಕೆಗೆ ಹಿಂದಿರುಗುತ್ತವೆ. ಈ ಶೋಧಕ್ಕಾಗಿ ಮೂವರಿಗೂ 2004ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಆಯ್ಕೆ ತಪ್ಪಿದರೆ ಆಪತ್ತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್, ಕೋಶವನ್ನು ಕಾಯುವ ಪಿ53 ಎಂಬ ಪ್ರೋಟೀನಿಗೇ ಈ ಚೀಟಿ ಅಂಟುವಂತೆ ಮಾಡುತ್ತದೆ. ಪೈರನ್ನೇ ಕಳೆಯೆಂದು ಕೀಳಿಸಿದಂತೆ, ಕಾವಲು ನಾಶವಾಗಿ ಕೋಶಗಳು ಅಂಕೆ ಮೀರಿ ಬೆಳೆಯಲು ದಾರಿಯಾಗುತ್ತದೆ. ಇತ್ತ, ಪ್ರೋಟಿಯಾಸೋಮನ್ನು ತಡೆಯುವ ಬೋರ್ಟೆಜೊಮಿಬ್ ಎಂಬ ಔಷಧವು ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನ ಚಿಕಿತ್ಸೆಗೆ 2003ರಿಂದ ಬಳಕೆಯಲ್ಲಿದೆ.

ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಓದುವ ಅನೇಕ ಮಕ್ಕಳು ಮುಂದೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ವ್ಯಾಸಂಗ ಮಾಡಬೇಕಾಗುತ್ತದೆ. ಅಲ್ಲಿ ಪದಗಳು ಬದಲಾಗುತ್ತವೆ. ತಾಯ್ನುಡಿಯಲ್ಲಿ ಮನದಟ್ಟಾದ ಕಾರಣ ಬದಲಾಗದು. ಆದುದರಿಂದ ಯುಬಿಕ್ವಿಟಿನ್ ಎಂಬ ಹೆಸರನ್ನು ಬಾಯಿಪಾಠ ಮಾಡಿಸುವ ಮುನ್ನ, ‘ಒಡೆಯುವುದಕ್ಕೂ ಶಕ್ತಿ ಏಕೆ ಬೇಕು?’ ಎಂಬ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆಯೋಣ. ಕಳೆ ಕಿತ್ತು ಬಲ್ಲ ಮಕ್ಕಳು ಉತ್ತರವನ್ನು ತಾವೇ ತಲುಪುವಷ್ಟು ಹೊತ್ತು ಕಾಯೋಣ. ಹೆಸರನ್ನು ಆಮೇಲೆ ಹೇಳಿದರಾಯಿತು.