ಷರೀಫರ ಪದ, ಅಶ್ವಥರ ಕಂಠ

(ನಿಲಂಗಾದ ಕೂಟದಲ್ಲಿ ಆಡಿದ ಮಾತುಗಳು)



ನಿಲಂಗಾ, ಉಮರ್ಗಾ, ಉದಗೀರ ಕಡೆಯ ನಮ್ಮ ಅನೇಕ ಮಕ್ಕಳು ಶಾಲೆಯಲ್ಲಿ ಮರಾಠಿ ಓದುತ್ತಾರೆ, ಮನೆಯಲ್ಲಿ ಕನ್ನಡ ಆಡುತ್ತಾರೆ. ಕನ್ನಡದ ಪುಸ್ತಕ ಕೈಗೆ ಕೊಟ್ಟರೆ ಅಕ್ಷರ ತಿಳಿಯದೆ ಸುಮ್ಮನೆ ತಿರುಗಿಸಿ ಕೊಡುತ್ತಾರೆ. ಅದೇ ಮಗು ಒಂದು ಹಾಡು ಕೇಳಿದರೆ ಸಂಜೆಯೊಳಗೆ ಹಾಡಿಬಿಡುತ್ತದೆ. ಆದ್ದರಿಂದ ಈ ಹೊತ್ತು ಒಬ್ಬ ಹಾಡುಗಾರರ ವಿಷಯ ಹೇಳಲು ನಿಂತಿದ್ದೇವೆ.

ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರಿನಲ್ಲಿ. ಹಾಡೇ ಅವರ ಹೊಟ್ಟೆಪಾಡಾಗಿರಲಿಲ್ಲ. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐ.ಟಿ.ಐ.ಯಲ್ಲಿ 27 ವರ್ಷ ನೌಕರಿ ಮಾಡಿ, ಅಧಿಕಾರಿಯಾಗಿ 1992ರಲ್ಲಿ ನಿವೃತ್ತರಾದರು. ನೌಕರಿಯ ಜೊತೆಯಲ್ಲೇ ನಾಟಕಗಳಿಗೆ ರಾಗ ಕಟ್ಟಿದರು. ಮಾಸ್ತಿಯವರ 'ಕಾಕನಕೋಟೆ' 1977ರಲ್ಲಿ ಸಿನಿಮಾ ಆದಾಗ ಅದಕ್ಕೂ ಸಂಗೀತ ಕೊಟ್ಟರು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ 'ಅಶ್ವಥ್-ವೈದಿ' ಎಂಬ ಹೆಸರಿನಲ್ಲಿ ಎಷ್ಟೋ ಚಿತ್ರಗಳಾದವು. ಮಾತು ಕವಿಗಳದು, ರಾಗವೂ ಗಂಟಲೂ ಇವರದು.

ಆದರೆ ನಮಗೆ ಅವರು ಬೇಕಾದದ್ದು ಸಿನಿಮಾದಿಂದಲ್ಲ, ಶಿಶುನಾಳ ಷರೀಫರಿಂದ. ಷರೀಫರು 1819ರಿಂದ 1889ರವರೆಗೆ ಬಾಳಿದವರು. ಊರು ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರು ಮಾಡಿಕೊಂಡರು. ಅವರ ಪದಗಳಲ್ಲಿ ಬರುವುದು ನಮ್ಮ ಮನೆಯ ಸಾಮಾನುಗಳೇ: ಕೋಳಿ, ಬಿದಿರು, ಸೋರುವ ಮಾಳಿಗೆ. ಗಿರಣಿ ಬಂದ ಕಾಲದಲ್ಲಿ ಗಿರಣಿಯ ಮೇಲೂ ಪದ ಕಟ್ಟಿದ ಪುಣ್ಯಾತ್ಮರು ಅವರು. ಮಳೆಗಾಲದಲ್ಲಿ ತೋಟದ ಲೈನು ಮನೆಯಲ್ಲಿ ಸೋರುವ ಕಡೆಗೆ ಪಾತ್ರೆ ಇಟ್ಟು ಮಲಗಿದವರಿಗೆ ಆ ಮಾಳಿಗೆಯ ಹಾಡನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸೋರುತ್ತಿರುವುದು ಮನೆಯಷ್ಟೇ ಅಲ್ಲ, ಒಳಗಿನ ಮನಸ್ಸೂ ಹೌದೆಂಬುದು ಎರಡನೆಯ ಸಲ ಕೇಳುವಾಗ ತಾನೇ ತಿಳಿಯುತ್ತದೆ.

ಷರೀಫರ ಕಾಲಕ್ಕೆ ಧ್ವನಿ ಹಿಡಿದಿಡುವ ಯಂತ್ರ ನಮ್ಮ ಹಳ್ಳಿಗೆ ಬಂದಿರಲಿಲ್ಲ. ಅವರ ಪದಗಳು ಭಜನೆಯವರ ಬಾಯಲ್ಲಿ, ಏಕತಾರಿಯ ಜೊತೆ ಉಳಿದು ಬಂದವು. ಅಶ್ವಥ್ ಅವಕ್ಕೆ ಹೊಸ ರಾಗ ಕಟ್ಟಿ, ಗಂಟಲು ಬಿಚ್ಚಿ ಹಾಡಿ ಕ್ಯಾಸೆಟ್ಟಿಗೆ ತಂದರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅವರದೇ ಸಂಗೀತ. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಕೆಲವು ಕಡೆ ವಾದ್ಯದ ಗದ್ದಲ ಹೆಚ್ಚಾಯಿತೆಂದು ನಮಗೆ ಅನಿಸುತ್ತದೆ. ಏಕತಾರಿಯಲ್ಲಿ ಕೇಳಿದವರಿಗೆ ಹಾಗನಿಸುವುದು ಸಹಜ. ಆದರೂ ಮಾತು ಒಂದೂ ಮುಚ್ಚಿಹೋಗುವುದಿಲ್ಲ. ಒಂದೊಂದು ಅಕ್ಷರವನ್ನೂ ಎದೆಯಿಂದ ಎತ್ತಿ ಹೊರಗಿಡುತ್ತಾರೆ. ಓದು ಬಾರದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಏನಿದೆ?

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ಅವರು ಹಾಡಲು ನಿಂತಾಗ ಲಕ್ಷದಷ್ಟು ಜನ ಸೇರಿದ್ದರು. 2009ರ ಡಿಸೆಂಬರ್ 29ರಂದು ತೀರಿಕೊಂಡರು.

ಷರೀಫರಿಗೆ ಒಬ್ಬ ಅಶ್ವಥ್ ಸಿಕ್ಕರು. ನಮ್ಮ ಅಜ್ಜಿಯರು ಬೀಸುವಾಗ, ಕಳೆ ತೆಗೆಯುವಾಗ ಹಾಡಿದ ಪದಗಳಿಗೆ ಯಾರೂ ಸಿಕ್ಕಿಲ್ಲ. ಬರುವ ಕೂಟಕ್ಕೆ ಹಿರಿಯರು ತಮಗೆ ನೆನಪಿರುವ ಒಂದೊಂದು ಪದ ತರಬೇಕು. ಮಕ್ಕಳು ಅದನ್ನು ತಮಗೆ ಬರುವ ಮರಾಠಿ ಅಕ್ಷರದಲ್ಲೇ ಬರೆದುಕೊಳ್ಳಲಿ; ಕೈಯಲ್ಲಿ ಮೊಬೈಲ್ ಇದ್ದವರು ಹಾಡನ್ನು ಹಿಡಿದಿಡಲಿ. ಗಂಟಲು ಕಟ್ಟಿದೆಯೆಂದು ಯಾವ ಅಜ್ಜಿಯೂ ತಪ್ಪಿಸಿಕೊಳ್ಳಬಾರದು.