ಶಸ್ತ್ರಚಿಕಿತ್ಸೆಗೆ ಹಂದಿ ಕಲಿಸಿದ ಪಾಠ

(ಹಂದಿ ಸಾಕಣೆದಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹಂದಿಯೆಂದರೆ ಮಾಂಸ ಮತ್ತು ಗೊಬ್ಬರ ಎಂದಷ್ಟೇ ನಾವು ಎಣಿಸುತ್ತೇವೆ. ಆದರೆ ಅದರ ಹೃದಯ, ಚರ್ಮ, ಜಠರಗಳು ಮನುಷ್ಯನವನ್ನು ಬಹುಮಟ್ಟಿಗೆ ಹೋಲುತ್ತವೆ. ಆದುದರಿಂದ ಹೊಸ ಶಸ್ತ್ರಕ್ರಿಯೆಗಳನ್ನು ಮೊದಲು ಹಂದಿಯ ಮೇಲೆ ಪರೀಕ್ಷಿಸುವ ರೂಢಿ ಅನೇಕ ದೇಶಗಳಲ್ಲಿದೆ. ಇಂತಹ ಸಂಶೋಧನೆಯಿಂದ ರೈತನಿಗೂ ರೋಗಿಗೂ ಒಟ್ಟಿಗೆ ಉಪಕಾರವಾದ ಒಂದು ಉದಾಹರಣೆಯನ್ನು ಹೇಳುತ್ತೇನೆ.

1960ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನ ವೈದ್ಯರು ಒಂದು ಕುಟುಂಬದ ವಿಷಯವನ್ನು ವರದಿ ಮಾಡಿದರು. ಕಾಲು ಮುರಿದಿದ್ದ ಯುವಕನೊಬ್ಬ ಮುರಿದ ಕಾಲಿಗಿಂತ ಅರಿವಳಿಕೆಗೇ ಹೆಚ್ಚು ಅಂಜಿದ್ದ. ಅವನ ಬಂಧುಗಳಲ್ಲಿ 10 ಮಂದಿ ಅರಿವಳಿಕೆಯಿಂದಲೇ ತೀರಿಕೊಂಡಿದ್ದರು. ಇಂತಹವರಿಗೆ ಅರಿವಳಿಕೆ ಕೊಟ್ಟಾಗ ಮೈ ಸೆಟೆದು, ಕಾವು ಮಿತಿಮೀರಿ ಏರುತ್ತಿತ್ತು. ಆಗ ಬದುಕುತ್ತಿದ್ದವರು ಕಡಿಮೆ.

ಅದೇ ದಶಕದಲ್ಲಿ ಯುರೋಪಿನ ರೈತರಿಗೆ ಬೇರೊಂದು ಚಿಂತೆಯಿತ್ತು. ಕೊಬ್ಬು ಕಡಿಮೆ, ಮಾಂಸ ಹೆಚ್ಚು ಇರುವ ಪಿಯೆಟ್ರೇನ್, ಲ್ಯಾಂಡ್ರೇಸ್ ತಳಿಯ ಕೆಲವು ಹಂದಿಗಳು ಸಾಗಣೆಯಲ್ಲಿ ಹಠಾತ್ತಾಗಿ ಸಾಯುತ್ತಿದ್ದವು. ಕೊಯ್ದರೆ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತಿತ್ತು. 1966ರಲ್ಲಿ ಇಂಗ್ಲೆಂಡಿನಲ್ಲಿ ಅರಿವಳಿಕೆ ಕೊಟ್ಟ ಕೆಲವು ಹಂದಿಗಳಲ್ಲಿ ಮನುಷ್ಯರಲ್ಲಿ ಕಂಡ ಲಕ್ಷಣಗಳೇ ಕಂಡುಬಂದವು. ವೈದ್ಯರಿಗೆ ಬೇಕಾಗಿದ್ದ ಮಾದರಿ ದೊಡ್ಡಿಯಲ್ಲೇ ಸಿಕ್ಕಿತು.

1975ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಹ್ಯಾರಿಸನ್ ಅವರು ಡ್ಯಾಂಟ್ರೊಲೀನ್ ಎಂಬ ಔಷಧಿಯಿಂದ ಇಂತಹ ಹಂದಿಗಳನ್ನು ಉಳಿಸಬಹುದೆಂದು ತೋರಿಸಿದರು. 1979ರಲ್ಲಿ ಅಮೆರಿಕವು ಇದರ ಚುಚ್ಚುಮದ್ದನ್ನು ರೋಗಿಗಳಿಗೆ ಕೊಡಲು ಒಪ್ಪಿಗೆ ನೀಡಿತು. ಸಕಾಲದಲ್ಲಿ ಕೊಟ್ಟರೆ ಇಂದು ಬಹುಪಾಲು ರೋಗಿಗಳು ಬದುಕುತ್ತಾರೆ. 1991ರಲ್ಲಿ ಕೆನಡದ ವಿಜ್ಞಾನಿಗಳು ಹಂದಿಯಲ್ಲಿ ಈ ದೋಷದ ಜೀನನ್ನು ಗುರುತಿಸಿದರು. ದೋಷವಿದ್ದರೆ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಅತಿಯಾಗಿ ಬಿಡುಗಡೆಯಾಗಿ, ಸ್ನಾಯು ಸಡಿಲಗೊಳ್ಳದೆ ಕಾವೇರುತ್ತದೆ. ಅನೇಕ ಮಾನವ ಕುಟುಂಬಗಳಲ್ಲಿಯೂ ಇದೇ ಜೀನಿನಲ್ಲಿ ದೋಷ ಕಂಡುಬಂದಿದೆ. ಜೀನ್ ಪರೀಕ್ಷೆಯಿಂದ ದೋಷವುಳ್ಳ ಹಂದಿಗಳನ್ನು ತಳಿ ಹಿಂಡಿನಿಂದ ಬೇರ್ಪಡಿಸುವುದೂ ಸಾಧ್ಯವಾಯಿತು.

ನಾನು ಬೆಳೆಗಳನ್ನು ಕುರಿತು ಪಾಠ ಹೇಳುವವನು. ಇಳುವರಿಯೊಂದನ್ನೇ ನೋಡಿ ಬೀಜ ಆರಿಸಿದರೆ ರೋಗವೂ ಜೊತೆಯಲ್ಲೇ ಬರಬಹುದೆಂದು ನೀವೆಲ್ಲ ಬಲ್ಲಿರಿ. ಮಾಂಸವೊಂದನ್ನೇ ನೋಡಿ ತಳಿ ಆರಿಸಿದಾಗ ಈ ದೋಷವೂ ಹಾಗೆಯೇ ಹಬ್ಬಿತು.

ಆದುದರಿಂದ ಮೂರು ಮಾತುಗಳನ್ನು ನೆನಪಿಡಿ:

1. ತಳಿಗಾಗಿ ಗಂಡುಹಂದಿ ಕೊಳ್ಳುವಾಗ ಮೈಕಟ್ಟನ್ನಷ್ಟೇ ನೋಡದೆ ಅದರ ವಂಶದ ದಾಖಲೆಯನ್ನೂ ಕೇಳಿ. ದೋಷವು ತಂದೆ ತಾಯಿ ಇಬ್ಬರಿಂದಲೂ ಬಂದ ಮರಿಗಳೇ ಹೀಗೆ ಸಾಯುವುದು.
2. ಹಂದಿಗಳನ್ನು ತಂಪು ಹೊತ್ತಿನಲ್ಲಿ ಸಾಗಿಸಿ. ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ.
3. ಹೊಡೆದು ಓಡಿಸಬೇಡಿ, ಗುರುತಿಲ್ಲದ ಹಿಂಡುಗಳನ್ನು ಒಂದೇ ಗಾಡಿಯಲ್ಲಿ ತುಂಬಬೇಡಿ.

ನಿಮ್ಮ ದೊಡ್ಡಿಯಲ್ಲಿ ಹಂದಿ ಏಕಾಏಕಿ ಸತ್ತರೆ ಹಣೆಬರಹವೆಂದು ಸುಮ್ಮನಾಗದೆ ಪಶುವೈದ್ಯರಿಗೆ ತಿಳಿಸಿ. ದೂರದೇಶದ ದೊಡ್ಡಿಗಳ ಇಂತಹ ಸಾವುಗಳನ್ನು ಕಾರಣ ಹುಡುಕಿ ನೋಡಿದ್ದರಿಂದಲೇ ಮನುಷ್ಯರ ಪ್ರಾಣವೂ ಉಳಿಯಿತು.